ಒಂದು ಮೊಳ ಬೇಲಿಯ ದಾವೆ ವಾಪಸಾದದ್ದು

ನನ್ನ ಒಡಹುಟ್ಟಿದ ಅಣ್ಣನ ಮೇಲೆ ನಾನು ದಾವೆ ಹಾಕಿದ್ದು ಒಂದು ಮೊಳ ಕಳ್ಳಿಬೇಲಿಗಾಗಿ. ಅವನು ಬೇಲಿಯನ್ನು ನನ್ನ ಹಿತ್ತಲಿನೊಳಕ್ಕೆ ಸರಿಸಿದ್ದ. ಸರಿಸಿಲ್ಲ, ಕಳ್ಳಿ ತಾನೇ ಬೆಳೆದು ಬಾಗಿದೆ ಎಂದು ಅವನ ವಾದ. ಈಗ ಯೋಚಿಸಿದರೆ ಬಾಗಿದ್ದರೂ ಬಾಗಿರಬಹುದು. ಆಗ ಯಾರಾದರೂ ಹಾಗೆಂದಿದ್ದರೆ ಅವರ ಮೇಲೂ ಒಂದು ದಾವೆ ಹಾಕುತ್ತಿದ್ದೆ.

ಹುಣಸೂರಿನ ಕೋರ್ಟಿನಲ್ಲಿ ಅದು ಆರು ವರ್ಷ ನಡೆಯಿತು. ನಾವು ಮಾತು ಬಿಟ್ಟೆವು, ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯುವುದನ್ನೂ ಬಿಟ್ಟೆವು. ಎತ್ತು ಮಾತ್ರ ಬಿಡಲಾಗಲಿಲ್ಲ. ಬೆಟ್ಟದಪುರದ ಕಡೆಯ ನಮ್ಮೂರಿನ ಅರ್ಧ ಜನರ ಹಾಗೆ ಅವನಿಗೊಂದು ಎತ್ತು, ನನಗೊಂದು ಎತ್ತು. ಎರಡನ್ನೂ ಕೂಡಿ ಕಟ್ಟಿದರೆ ಉಳುಮೆ, ಇಲ್ಲದಿದ್ದರೆ ಇಲ್ಲ. ವಾಯಿದೆಯ ದಿನವೂ ಅದೇ ಜೋಡಿ ಕಟ್ಟಿ, ಒಂದೇ ಗಾಡಿಯಲ್ಲಿ ವಾದಿ ಮುಂದೆ, ಪ್ರತಿವಾದಿ ಹಿಂದೆ ಕೂತು ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಇಬ್ಬರೂ ಎತ್ತುಗಳ ಜೊತೆ ಮಾತ್ರ ಮಾತಾಡುತ್ತಿದ್ದೆವು.

ಇದರಲ್ಲಿ ಸಿಕ್ಕಿಬಿದ್ದವಳು ನನ್ನ ಹೆಂಡತಿ. ಅತ್ತಿಗೆ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅಣ್ಣನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ನಮಗೆ ಮಕ್ಕಳಿರಲಿಲ್ಲ. ದಾವೆ ಹಾಕಿದ ದಿನ, ಆ ಮನೆಯ ಹೊಸಿಲು ತುಳಿಯಕೂಡದೆಂದು ನಾನು ದೊಡ್ಡ ಮನುಷ್ಯನ ಹಾಗೆ ಅಪ್ಪಣೆ ಮಾಡಿದೆ. ಹುಡುಗಿಗೆ ಆಗ ಹತ್ತು ವರ್ಷ.

ಹದಿನಾರಕ್ಕೆ ಅವಳ ಮದುವೆ ಗೊತ್ತಾಯಿತು. ನನ್ನ ಹೆಂಡತಿ ನನಗೆ ಊಟ ಹಾಕುವುದನ್ನು ನಿಲ್ಲಿಸಿದಳು.

"ಆ ಮಗೀಗೆ ಅರಿಸಿನ ಅಚ್ಚಾಕೆ ನಾನಿಲ್ದೆ ಇನ್ಯಾರವ್ರೆ? ದಾವೆ ತೆಗೀರಿ. ತೆಗಿಯೋಗಂಟ ನಿಮ್ ಮುದ್ದೆ ನೀವೇ ತೊಳಸ್ಕಳಿ."

ಮೂರು ದಿನ ತೊಳಸಿದೆ. ಬರೀ ಗಂಟು. ನಾಲ್ಕನೆಯ ದಿನ ವಕೀಲರ ಬಳಿ ಹೋಗಿ ರಾಜಿ ಅರ್ಜಿ ಬರೆಸಿದೆ. ಅಣ್ಣನೂ ಅದಕ್ಕೆ ಹೆಬ್ಬೆಟ್ಟು ಒತ್ತಿದ.

ವಾಯಿದೆಯ ದಿನ ಮುನ್ಸೀಫರು ಅರ್ಜಿ ಓದಿ ನನ್ನನ್ನು ಕೇಳಿದರು: "ಇದು ನಿನ್ನ ಸ್ವಂತ ಇಷ್ಟವೋ, ಯಾರದಾದರೂ ಬಲವಂತ ಇದೆಯೋ?"

ದೇವರ ಮೇಲೆ ಪ್ರಮಾಣ ಮಾಡಿ ನಿಂತಿದ್ದೆ. ಸುಳ್ಳು ಹೇಳಲೇ?

"ಬಲವಂತ ಅದೆ ಬುದ್ಧಿ. ಎಂಡ್ರು ಉಣ್ಣಾಕೆ ಇಕ್ತಾ ಇಲ್ಲ."

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಬಲವಂತದ ರಾಜಿಯನ್ನು ಒಪ್ಪಲಾಗದೆಂದು ಮುನ್ಸೀಫರು ಮುಂದಿನ ವಾಯಿದೆ ಬರೆಯಲು ಹೊರಟರು. ಮುಂದಿನ ವಾಯಿದೆಯೆಂದರೆ ಎರಡು ತಿಂಗಳು. ಮದುವೆಗೆ ಉಳಿದದ್ದು ಐದು ದಿನ.

ಆಗ ಪಕ್ಕದಲ್ಲಿದ್ದ ಅಣ್ಣ ಬಾಯಿಬಿಟ್ಟ. "ಬುದ್ಧಿ, ಇವ್ನು ಉಟ್ಟಿದಾಗ್ಲಿಂದ ಯಾರ ಬಲವಂತಕ್ಕೂ ಬಗ್ಗಿದೋನಲ್ಲ. ನಮ್ಮಪ್ಪ ಒಡ್ದು ಏಳುದ್ರೂ ಕೇಳ್ನಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. ಆರು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು: "ಏನ್ಲಾ, ಮಗೀನ ಮದ್ವೆಗೆ ಬರಾಕೆ ನಿಂಗೆ ಇಷ್ಟ ಇಲ್ವೇನ್ಲಾ?"

"ಅದೆ ಕಣಣ್ಣ" ಎಂದೆ. ಅಷ್ಟು ಹೇಳುವುದರೊಳಗೆ, ಥೂ, ಅಷ್ಟು ಜನರೆದುರು ಗೊಳೋ ಎಂದು ಅತ್ತುಬಿಟ್ಟೆ. ಮುನ್ಸೀಫರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಸ್ವಂತ ಇಷ್ಟವೆಂದು ಬರೆಸಿಕೊಂಡು ದಾವೆ ವಜಾ ಮಾಡಿದರು.

ದಾರಿಯಲ್ಲಿ ಅಣ್ಣ ಚಪ್ಪರ, ಅಡಿಗೆ ಎಂದು ಮಾತಾಡುತ್ತಲೇ ಬಂದ. ಹೆಂಡತಿಗೆ ಸುದ್ದಿ ಹೇಳೋಣವೆಂದು ನಾನು ಮನೆಗೆ ಓಡಿದರೆ ಬಾಗಿಲಿಗೆ ಚಿಲಕ. ಅವಳು ಅಣ್ಣನ ಮನೆಯ ಜಗಲಿಯಲ್ಲಿ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಒತ್ತುತ್ತಿದ್ದಳು.

"ಏನ್ ತೀರ್ಮಾನ ಆಯ್ತು ಅಂತಾನೂ ಕೇಳ್ದೆ ಬಂದ್ಬುಟ್ಯಾ?" ಎಂದೆ.

"ದಾವೆ ಆಕಿದ್ದು ನಾನಾ?" ಎಂದಳು. ಕೈ ನಿಲ್ಲಿಸಲಿಲ್ಲ. "ನೀವು ಗಾಡಿ ಅತ್ತಿದೇಟ್ಗೇ ಬಂದೆ. ಈ ಆರು ವರ್ಸ ಯಾಕ್ ಬರದೆ ಕುಂತಿದ್ನೋ, ಅದೇ ನಂಗೆ ಗೊತ್ತಾಯ್ತಿಲ್ಲ."