ಹೊನ್ನವಳ್ಳಿ ಏಕಾಂತಯ್ಯನವರ ಹೇಳಿಕೆ

ಏಕಾಂತಯ್ಯನವರಿಗೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಏಕಾಂತವಿರಲಿಲ್ಲ. ಹೊನ್ನವಳ್ಳಿಯ ಮನೆಯಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರ, ಅಟ್ಟದ ತುಂಬ ಕೊಬ್ಬರಿಯಾಗಲು ಕೂಡಿಹಾಕಿದ ಕಾಯಿ, ಕಾಯಿಯ ಮೇಲೆ ಇಲಿಗಳ ಓಡಾಟ. ಬೆಳಿಗ್ಗೆ ಬಸ್ಸು ಹಿಡಿದು ತಿಪಟೂರಿಗೆ ಬಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದರು. ಅರ್ಥಕ್ಕೆ ಎರಡು ಅರ್ಥ. ಒಂದು ಅವರ ಸಂಬಳದಲ್ಲಿರಲಿಲ್ಲ, ಇನ್ನೊಂದು ಅವರ ಪಾಠದಲ್ಲಿ ಹುಡುಗರಿಗೆ ಸಿಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ಇಂಗ್ಲಿಷ್ ಮೇಷ್ಟ್ರಾದ ನನ್ನದು. ಕಾನ್ವೆಂಟಿನಲ್ಲಿ ಓದಿದವನಿಗೆ ಲ್ಯಾಟಿನ್ ತಾನಾಗಿಯೇ ಬರುತ್ತದೆಂದು ನಂಬಿ, ಹಳೆಯ ಪಾದ್ರಿಗಳ ಸಾಲುಗಳನ್ನು ನನ್ನ ಮುಂದೆ ಹಿಡಿಯುತ್ತಿದ್ದರು. ನನಗೆ ಬರುತ್ತಿದ್ದ ಲ್ಯಾಟಿನ್ ಎಲ್ಲ 'ಆಮೆನ್' ಹತ್ತಿರಕ್ಕೆ ಮುಗಿಯುತ್ತಿತ್ತು.

ಪಾದ್ರಿಗಳು ಯಾಕೆಂದರೆ, ಅವರ ಪಿಎಚ್.ಡಿ. ಅಂಥದ್ದು. ವಸ್ತುವಿನ ಬೆಲೆಗೆ ನ್ಯಾಯ, ಅನ್ಯಾಯ ಎಂಬುದು ಉಂಟೇ? ಗ್ರೀಕರಿಂದ ಹಿಡಿದು, ನಡುಗಾಲದ ಪಾದ್ರಿಗಳನ್ನು ಹಾದು, ಈಚಿನವರ ತನಕ ಯಾರು ಏನು ಯೋಚಿಸಿದರು? ಹನ್ನೊಂದು ವರ್ಷದಿಂದ ಈ ಮಹಾಪ್ರಬಂಧ ಅವರಿಗೆ ಮಹಾಪ್ರತಿಬಂಧವಾಗಿತ್ತು. ಪ್ರತಿ ಸಲವೂ ಅವರ ಮಾರ್ಗದರ್ಶಕರಾದ ಮೈಸೂರಿನ ಪ್ರೊಫೆಸರ್ ಬಸವರಾಜಪ್ಪನವರು ಒಂದೇ ಮಾತು ಬರೆದು ಹಿಂದಕ್ಕೆ ಕಳಿಸುತ್ತಿದ್ದರು: "ಎಲ್ಲರೂ ಹೇಳಿದ್ದು ಇದೆ. ನೀವು ಹೇಳುವುದೇನು?" ಏಕಾಂತಯ್ಯನವರು ನಾಚಿಕೊಂಡು ಮತ್ತಿಬ್ಬರು ಹೇಳಿದ್ದನ್ನು ಸೇರಿಸಿ ಕಳಿಸುತ್ತಿದ್ದರು.

ಎಪ್ಪತ್ತೆಂಟರಲ್ಲಿ ಕೊನೆಯ ಗಡುವು ಬಂತು. ಪ್ರಬಂಧ ಒಪ್ಪಿಸುವ ಮೊದಲು ಸಾರ್ವಜನಿಕವಾಗಿ ಒಂದು ಉಪನ್ಯಾಸ ಕೊಡಬೇಕು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಅದನ್ನು ಕೇಳಿ ಪ್ರೊಫೆಸರ್ ಸಹಿ ಹಾಕಿದರೆ ಉಂಟು, ಇಲ್ಲವಾದರೆ ನೋಂದಣಿಯೇ ರದ್ದು. ಪ್ರೊಫೆಸರಿಗೆ ತುರುವೇಕೆರೆಯಲ್ಲಿ ಒಂದು ಮದುವೆ ಇತ್ತು. ಹೇಗೂ ಆ ಕಡೆ ಬರುತ್ತೇನೆ, ನಿಮ್ಮ ಕಾಲೇಜಿನಲ್ಲೇ ಮುಗಿಸೋಣ ಎಂದರು.

ಅವತ್ತು ಸಭಾಂಗಣದಲ್ಲಿ ಪ್ರೊಫೆಸರ್, ನಾವು ನಾಲ್ವರು ಮೇಷ್ಟ್ರು, ಹಾಜರಿಗೆ ಹೆದರಿದ ಹುಡುಗರು. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಹೊನ್ನವಳ್ಳಿಯ ಅರ್ಧ ಬಸ್ಸು ಒಳಗೆ ಇಳಿಯಿತು. ಮುಂದೆ ಊರಿನ ಪಂಚಾಯಿತಿ ಯಜಮಾನ, ಆರಡಿ ಎತ್ತರದ ಗಿಡ್ಡಯ್ಯ. ಅವನ ಹಿಂದೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಕರೀಂ ಸಾಬ್. ಅವರನ್ನು ಅಂಗಡಿಯಿಂದಲೇ ಎಬ್ಬಿಸಿ ತಂದಂತಿತ್ತು. ಕೊನೆಯಲ್ಲಿ, ಸೆರಗು ಹೊದ್ದು, ಏಕಾಂತಯ್ಯನವರ ಹೆಂಡತಿ ಗಿರಿಜಾಂಬಿಕಾ.

"ಏನೋ ಗಿಡ್ಡಯ್ಯ ಇದು, ಇಷ್ಟೊಂದು ಜನ?" ಏಕಾಂತಯ್ಯನವರು ಪಿಸುಗುಟ್ಟಿದರು.

"ಸುಮ್ಕಿರಿ ಮೇಷ್ಟ್ರೇ. ಮೈಸೂರಿಂದ ದೊಡ್ಡೋರು ಬಂದು ಎಲ್ಲಾರ ಎದುರ್ಗೂ ಪ್ರಶ್ನೆ ಮಾಡ್ತಾರಂತೆ ಅಂತ ಅಮ್ಮಾವ್ರು ಅಂದ್ರು. ಅಂಥ ಕಡೀಕೆ ನಮ್ಮೂರೋರ್ನ ಒಂಟಿಯಾಗಿ ಕಳ್ಸಿದ್ದುಂಟಾ? ಬೆಲೆ ಯವಾರ ಅಂದ್ರು, ಅದ್ಕೇ ಸಾಬ್ರನ್ನೂ ಕರ್ಕಂಡ್ ಬಂದೆ. ತಪ್ಪು ಏನೇ ಇರ್ಲಿ, ಆಮ್ಯಾಕೆ ನೋಡ್ಕಳಣ."

"ತಪ್ಪೇನೂ ಮಾಡಿಲ್ಲ ಕಣಯ್ಯ!"

"ಮೊದ್ಲು ಎಲ್ರೂ ಹಂಗೇ ಅನ್ನಾದು. ಕುಂತ್ಕಳ್ರಪ್ಪ ಎಲ್ಲಾರೂ."

ಏಕಾಂತಯ್ಯನವರು ನಾನು ತಿದ್ದಿಕೊಟ್ಟಿದ್ದ ಇಂಗ್ಲಿಷ್ ಭಾಷಣ ತೆಗೆದರು. ಮೂರನೆಯ ವಾಕ್ಯದಲ್ಲಿ ಮಾತು ನಿಂತೇಹೋಯಿತು. ಹನ್ನೊಂದು ವರ್ಷ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಇವರೆಲ್ಲ ಬಸ್ ಚಾರ್ಜು ಕೊಟ್ಟು ಬಂದಿದ್ದಾರೆ ಏಕಾಂತಯ್ಯ. ಕನ್ನಡದಲ್ಲೇ ಹೇಳಿ."

ಅವರು ಹಾಳೆ ಮಡಿಚಿಟ್ಟರು. "ಏಳುನೂರು ವರ್ಷದ ಹಿಂದೆ ಯೂರೋಪಿನಲ್ಲಿ ಸನ್ಯಾಸಿಗಳಿದ್ದರು. ಮಾಲು ಮಾಡಿದವನ ಶ್ರಮಕ್ಕೆ, ಖರ್ಚಿಗೆ ತಕ್ಕ ಬೆಲೆ ಸಿಗಲೇಬೇಕು, ಅವನ ಕಷ್ಟಕಾಲ ನೋಡಿ ಕಡಿಮೆಗೆ ಕೊಂಡರೆ ಅದು ಪಾಪ ಅಂದರು."

"ಕೇಳ್ಸ್ಕಂಡ್ರಾ ಸಾಬ್ರೇ?" ಗಿಡ್ಡಯ್ಯ ತಿರುಗಿದ. "ಪಾಪ ಅಂತೆ!"

"ಅಲ್ಲಾ ಗಿಡ್ಡಯ್ಯ, ಆ ರೇಟಿಗೆ ತಗೊಳ್ಳೋನೇ ಇಲ್ಲಾಂದ್ರೆ? ಆ ಸನ್ಯಾಸಿ ಬಂದು ನಿನ್ನ ಕೊಬ್ಬರಿ ತಿಂತಾನೇನು?"

"ನೀವು ಹೇಳಿದ್ದನ್ನೇ ಹೇಳಿದವರೂ ಇದ್ದಾರೆ ಸಾಬ್ರೇ," ಎಂದರು ಏಕಾಂತಯ್ಯನವರು. ಅವರ ಧ್ವನಿ ಏರಿತ್ತು. "ಕೊಳ್ಳುವವನ ಆಸೆ ಎಷ್ಟೋ ಬೆಲೆ ಅಷ್ಟೇ, ಅಂತ ನೂರು ವರ್ಷದ ಹಿಂದಿನವರು."

ಕರೀಂ ಸಾಬರ ಮುಖ ಸಪ್ಪಗಾಯಿತು. "ಅವನ ಕಡೆಯೋರು ಏಳುನೂರು ವರ್ಷ, ನಮ್ಮೋರು ಬರೀ ನೂರಾ? ಇದೇನ್ ನ್ಯಾಯ ಸಾರ್?"

"ಇರಿ, ಸ್ಪೇನಿನಲ್ಲಿ ನಾನೂರು ವರ್ಷದ ಹಿಂದೆ ಕೆಲವರು ಪಾದ್ರಿಗಳು ನಿಮ್ಮ ಪರ ಮಾತಾಡಿದ್ದಾರೆ."

"ಹಾಂ! ಹಂಗ್ ಹೇಳಿ!"

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಗಿಡ್ಡಯ್ಯ ಒಂದು ಆಕ್ಷೇಪ ಎಸೆದರೆ ಅದಕ್ಕೆ ಉತ್ತರ ಕೊಟ್ಟವನು ಯಾವ ದೇಶದವನು, ಆ ಉತ್ತರದಲ್ಲಿ ತೂತು ಕಂಡುಹಿಡಿದವನು ಯಾರು ಎಂದು ಏಕಾಂತಯ್ಯನವರು ಹೇಳುತ್ತಲೇ ಹೋದರು. ನಮ್ಮ ಹುಡುಗರು ಮೊದಲ ಬಾರಿಗೆ ಅವರ ಪಾಠದಲ್ಲಿ ಎದ್ದಿದ್ದರು, ಎಚ್ಚರವಾಗಿ ಎಂಬರ್ಥದಲ್ಲಿ.

ಕೊನೆಗೆ ಗಿಡ್ಡಯ್ಯ ಟವೆಲ್ ಕೊಡವಿ ಎದ್ದು ನಿಂತ. "ಆಯ್ತು ಮೇಷ್ಟ್ರೇ. ಆ ಕಡೆ ಸಾಕ್ಷಿ, ಈ ಕಡೆ ಸಾಕ್ಷಿ ಎಲ್ಲಾ ಆಯ್ತು. ಈಗ ನಿಮ್ಮ ಹೇಳಿಕೆ ಕೊಡಿ. ಅದಿಲ್ದೆ ಪಂಚಾಯ್ತಿ ಮುಗಿಯಾಕಿಲ್ಲ."

ಪ್ರೊಫೆಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಏಕಾಂತಯ್ಯನವರು ಕಿಟಕಿ ನೋಡಿದರು, ನೆಲ ನೋಡಿದರು, ಹೆಂಡತಿಯನ್ನು ನೋಡಿದರು.

"ಹೇಳ್ರೀ," ಎಂದರು ಗಿರಿಜಾಂಬಿಕಾ. "ಮನೇಲಿ ನನ್ನ ಹತ್ರ ಹೇಳ್ತೀರಲ್ಲ, ಅದನ್ನೇ ಹೇಳಿ."

"ನನ್ನ ಹೇಳಿಕೆ ಏನಂದ್ರೆ," ಎಂದು ನಿಧಾನವಾಗಿ ಶುರುಮಾಡಿದರು. "ನ್ಯಾಯದ ಬೆಲೆ ಇಂತಿಷ್ಟೇ ಅಂತ ಯಾರಿಗೂ ಲೆಕ್ಕ ಹಾಕೋಕೆ ಆಗಲಿಲ್ಲ. ಅದಕ್ಕೇ ಈಚಿನವರು ಪ್ರಶ್ನೆಯನ್ನೇ ಕೈಬಿಟ್ಟರು. ನಾನು ಅದು ತಪ್ಪು ಅಂತೀನಿ. ಗಿಡ್ಡಯ್ಯ, ಇವತ್ತಿನ ರೇಟು ಅನ್ಯಾಯ ಅಂತೀಯ. ನ್ಯಾಯದ್ದು ಎಷ್ಟು ಅಂದ್ರೆ ನಿನಗೆ ಗೊತ್ತಾ?"

"ಗೊತ್ತಿಲ್ಲ ಬುಡಿ."

"ಆದ್ರೂ ನಿನ್ನ ಮಾತು ಸುಳ್ಳಲ್ಲ. ಅದನ್ನ ಕೇಳಿಸಿಕೊಂಡು ಸಾಬ್ರು ಒಂದಿಷ್ಟು ಏರಿಸ್ತಾರೆ."

"ನಾನ್ ಯಾವಾಗ ಏರಿಸಿದ್ದೆ ಸಾರ್?" ಎಂದರು ಕರೀಂ ಸಾಬ್. ಎಲ್ಲರೂ ನಕ್ಕರು.

"ಅನ್ಯಾಯ ಅನ್ನೋಕೆ ಒಬ್ಬನಿಗೆ ಬಾಯಿ ಇರಬೇಕು, ಇನ್ನೊಬ್ಬ ಅದಕ್ಕೆ ಉತ್ತರ ಕೊಡಬೇಕು. ಅಂಥ ಮಾರುಕಟ್ಟೆಯ ಬೆಲೆಯನ್ನ ನಾನು ನ್ಯಾಯಕ್ಕೆ ಹತ್ತಿರ ಅಂತೀನಿ. ಇಷ್ಟೇ ನನ್ನ ಹೇಳಿಕೆ."

"ಇದು ಪ್ರಬಂಧದಲ್ಲಿ ಎಲ್ಲಿದೆ?" ಪ್ರೊಫೆಸರ್ ಕೇಳಿದರು.

"ಎಲ್ಲೂ ಇಲ್ಲ ಸಾರ್. ಯಾರೂ ಹೇಳಿರಲಿಲ್ಲ, ಅದಕ್ಕೆ…"

"ಯಾರೂ ಹೇಳಿಲ್ಲ ಅಂತಲೇ ಬರೀಬೇಕು ಕಣ್ರೀ! ಕೊನೇ ಅಧ್ಯಾಯ ಇದೇ. ಬರೆದೇ ಬರೀತೀರಿ ಅಂತ ನಂಬಿ ಈಗಲೇ ಹಾಕ್ತೀನಿ." ಪ್ರೊಫೆಸರ್ ಪೆನ್ನು ತೆಗೆದು ಸಹಿ ಹಾಕಿದರು. ಗಿರಿಜಾಂಬಿಕಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು.

ಗಿಡ್ಡಯ್ಯ ಹತ್ತಿರ ಬಂದು ಸಹಿಯನ್ನು ಬಗ್ಗಿ ನೋಡಿದ. "ಬುದ್ಧಿ, ದಂಡ ಏನಾದ್ರೂ ಉಂಟಾ?"

"ಒಂದು ಅಧ್ಯಾಯ," ಎಂದರು ಪ್ರೊಫೆಸರ್.

"ಆಗ್ಲಿ ಬುಡಿ. ಕಟ್ತಾರೆ ನಮ್ ಮೇಷ್ಟ್ರು."