ಕಾರ್ಲ್ ತಾತನ ಐದು ಸೆಕೆಂಡ್

ಇದು ಕಳೆದ ಹೊಸ ವರ್ಷದ ಮಾತು. ನಾನು ಡಲ್ಲಾಸ್‌ನಲ್ಲಿ ಓದುತ್ತಿದ್ದೇನೆ ಎಂದು ನಮ್ಮ ಮನೆಯವರು ನಂಬಿದ್ದಾರೆ. ಎರಡು ವರ್ಷದ ಎಂ.ಎಸ್. ಮೂರನೇ ವರ್ಷಕ್ಕೆ ಕಾಲಿಟ್ಟಿದೆ. ನಿಜ ಹೇಳಬೇಕೆಂದರೆ ನಾನು ಶ್ರದ್ಧೆಯಿಂದ ಅಭ್ಯಾಸ ಮಾಡಿರುವುದು ಜನರ ದನಿಯನ್ನು ಮಾತ್ರ. ಪ್ರೊಫೆಸರ್ ಕೆಮ್ಮುವುದು, ಗಿರಿಜಾ ಆಂಟಿ ಫೋನಿನಲ್ಲಿ ಹಲೋ ಎನ್ನುವುದು, ಇಂಟರ್‌ವ್ಯೂನಲ್ಲಿ ನಾನೇ ತೊದಲುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ.

ಆಂಟಿ ಧಾರವಾಡದವರು, ಈಗ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿದ್ದಾರೆ. ಪ್ರತಿ ಹೊಸ ವರ್ಷಕ್ಕೆ ನನ್ನನ್ನೂ ರೂಮ್‌ಮೇಟ್ ಇಮ್ರಾನ್‌ನನ್ನೂ ಕಾರಿಗೆ ತುಂಬಿಕೊಂಡು, ಆಸ್ಟಿನ್ ಹತ್ತಿರದ ಜಾರ್ಜ್‌ಟೌನ್ ದಾಟಿ ಗುಡ್ಡದ ಮೇಲಿರುವ ಒಂದು ಗೆಸ್ಟ್‌ಹೌಸಿಗೆ ಕರೆದೊಯ್ಯುತ್ತಾರೆ. ಹನ್ನೊಂದು ಕೋಣೆಗಳ ಮರದ ಮನೆ. ಯಜಮಾನ ಕಾರ್ಲ್ ಎಪ್ಪತ್ತು ದಾಟಿದವರು, ನಮ್ಮ ಬಾಯಲ್ಲಿ ಕಾರ್ಲ್ ತಾತ. ಹೊಸ ವರ್ಷದ ಬೆಳಿಗ್ಗೆ ಮನೆಯ ಕಥೆಯನ್ನು ಅತಿಥಿಗಳಿಗೆ ಹೇಳುವುದು ಅವರ ಅಜ್ಜನ ಕಾಲದಿಂದ ಬಂದ ಪದ್ಧತಿ. ಒಂದು ವರ್ಷವೂ ತಪ್ಪಿಲ್ಲ. ಕಥೆ ಮುಗಿಯದೆ ಯಾರಿಗೂ ತಿಂಡಿ ಇಲ್ಲ.

ಎರಡು ಸಲ ಕೇಳಿದ್ದಕ್ಕೇ ನನಗದು ಬಾಯಿಪಾಠ. ಯಾರ ಮನೆಗೆ ಊಟಕ್ಕೆ ಹೋದರೂ, "ಕಾರ್ಲ್ ತಾತನ್ನ ಮಾಡೋ" ಎನ್ನುವರು. ನಾನು ಹೊಟ್ಟೆ ಮುಂದೆ ಚಾಚಿ ಶುರುಮಾಡುವೆ: "ನನ್ನ ಅಜ್ಜ ಆಲ್ಪ್ಸ್ ಪರ್ವತದ ಮನೆ ಬಿಟ್ಟು ಟೆಕ್ಸಸ್‌ಗೆ ಬಂದರು. ಅಲ್ಲಿಯಂಥದೇ ಮನೆ ಇಲ್ಲೂ ಕಟ್ಟಿದರು. ಹಿಮ ಜಾರಲೆಂದು ಕಡಿದಾದ ಚಾವಣಿ. ಹಿಮ ಬರಲಿಲ್ಲ, ಅತಿಥಿಗಳು ಬಂದರು. ಅಪ್ಪನ ಕಾಲಕ್ಕೆ ಚಾವಣಿ ಸೋರಿತು. ತಗ್ಗಿಸಿ ಕಟ್ಟಿಸು ಎಂದು ಊರೇ ಹೇಳಿತು. ಅಪ್ಪ ಕೇಳಲಿಲ್ಲ. ನನ್ನ ಕಾಲಕ್ಕೆ ಒಂದು ವರ್ಷ ಹಿಮ ಬಿತ್ತು."

ಇಲ್ಲಿ ತಾತ ಕನ್ನಡಕ ತೆಗೆದು, ಕಿಟಕಿಯತ್ತ ತಿರುಗಿ, ಐದು ಸೆಕೆಂಡ್ ಸುಮ್ಮನಾಗುತ್ತಾರೆ. ಆಮೇಲೆ, "ಚಾವಣಿ ತನ್ನ ಕೆಲಸ ಮಾಡಿತು" ಎನ್ನುತ್ತಾರೆ. ಆ ಐದು ಸೆಕೆಂಡನ್ನು ನಾನು ಹತ್ತಕ್ಕೆ ಎಳೆದು, ನಡುವೆ ಗೊರಕೆ ಹೊಡೆಯುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಕಳೆದ ಸಲ ವರ್ಷದ ಕೊನೆಯ ಸಂಜೆ ಗೆಸ್ಟ್‌ಹೌಸಿನ ಹಾಲ್‌ನಲ್ಲೇ ಇಮ್ರಾನ್ ಕೆಣಕಿದ. "ಧೈರ್ಯ ಇದ್ರೆ ಇಲ್ಲಿ ಮಾಡೋ." ಮಾಡಿದೆ, ಅದೂ ಇಂಗ್ಲಿಷಿನಲ್ಲಿ. ಗೊರಕೆಗೆ ಬರುವಷ್ಟರಲ್ಲಿ ನಗುತ್ತಿದ್ದವನು ನಾನೊಬ್ಬನೇ. ತಿರುಗಿದರೆ ಹಿಂದೆ ಕಾರ್ಲ್ ತಾತ, ತೋಳಿನ ತುಂಬ ಸೌದೆ. ಸೌದೆ ಇಟ್ಟು ಹೋದರು.

"ಏ ಮಂಗ್ಯಾ, ಇನ್ನ ನಾ ಇಲ್ಲಿ ಹೆಂಗ ಮಾರಿ ತೋರಸ್ಲಿ?" ಎಂದರು ಆಂಟಿ. "ಮುಂಜಾನೆ ಎದ್ದ ಕೂಡ್ಲೇ ಸಾರಿ ಕೇಳು."

ಬೆಳಿಗ್ಗೆ ನಾನು ಏಳುವ ಮೊದಲೇ ತಾತನ ಮಗಳು ಲೀಸಾ ಬಾಗಿಲು ತಟ್ಟಿದಳು. "ಅಪ್ಪ ನಿನ್ನನ್ನು ಕರೆಯುತ್ತಿದ್ದಾರೆ."

ಇಮ್ರಾನ್ ರಗ್ಗಿನೊಳಗಿಂದಲೇ, "ಲಗೇಜ್ ಕಾರಿಗೆ ಹಾಕ್ಲೇನೋ?" ಎಂದ.

ಅಡುಗೆಮನೆಯಲ್ಲಿ ತಾತ ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಚಳಿಗಾಲದಲ್ಲಿ ಆಸ್ಟಿನ್ ಸುತ್ತ ಸೀಡರ್ ಮರಗಳ ಪರಾಗ ಹಾರಿ ಎಲ್ಲರ ಮೂಗು, ಗಂಟಲು ಕೆಡುತ್ತವೆ. ತಾತನ ದನಿ ಪೂರ್ತಿ ಹೋಗಿತ್ತು. ನಾನು ಸಾರಿ ಎನ್ನಲು ಬಾಯಿ ತೆರೆದರೆ ಕೈ ಎತ್ತಿ ತಡೆದರು. ತಿಂಡಿಯ ಮೆನು ಬರೆಯುವ ಕಪ್ಪು ಹಲಗೆಯಲ್ಲಿ ಪ್ಯಾನ್‌ಕೇಕ್ ಅಳಿಸಿ ಬರೆದರು: 'ಕಥೆ ನೀನು ಹೇಳು.' ಅದರ ಕೆಳಗೆ: 'ಗೊರಕೆ ಬೇಡ.'

"ನೀನೇ ಹೇಳಬಹುದಲ್ಲ?" ಎಂದು ಲೀಸಾಳನ್ನು ಕೇಳಿದೆ.

"ಆ ಕಿಟಕಿಯ ಜಾಗಕ್ಕೆ ಬಂದರೆ ನನಗೆ ಮಾತೇ ಹೊರಡಲ್ಲ" ಎಂದಳು. "ಹಿಮ ಬಿದ್ದ ದಿನ ಅಮ್ಮ ಕಿಟಕಿಯಾಚೆ ನಿಂತಿದ್ದಳು. ಚಾವಣಿಯಿಂದ ಹಿಮ ಜಾರಿದಾಗಲೆಲ್ಲ ಮಗುವಿನ ಹಾಗೆ ಚಪ್ಪಾಳೆ ತಟ್ಟುತ್ತಿದ್ದಳು. ಅದೇ ಅವಳ ಕೊನೆಯ ಚಳಿಗಾಲ. ಆ ಚಪ್ಪಾಳೆ ಮುಗಿಯಲಿ ಅಂತ ಅಪ್ಪ ಕಾಯುತ್ತಾರೆ. ಇವತ್ತು ಕಥೆ ತಪ್ಪಿದರೆ ಅವರು ತಡೆದುಕೊಳ್ಳಲ್ಲ."

ನನ್ನ ಎರಡು ವರ್ಷದ ಗೊರಕೆಗಳೆಲ್ಲ ಒಟ್ಟಿಗೆ ನನ್ನ ಕಿವಿಗೆ ಕೇಳಿಸಿದವು.

ಹಾಲ್ ತುಂಬಿತ್ತು. ತಾತ ತಮ್ಮ ಕನ್ನಡಕ ತೆಗೆದು ನನ್ನ ಮೂಗಿನ ಮೇಲಿಟ್ಟು, ಮುಂದಿನ ಸಾಲಿನಲ್ಲಿ ಕುಳಿತರು. ಅದರ ಪವರ್‌ಗೆ ಜನರೆಲ್ಲ ಮೋಡದಂತೆ ಕಂಡರು. ಆದರೆ "ನನ್ನ ಅಜ್ಜ" ಎನ್ನುತ್ತಲೇ ತಾತನ ದನಿ ತಾನೇ ಬಂತು. ಅಜ್ಜ ಬಂದರು, ಚಾವಣಿ ಎದ್ದಿತು, ಸೋರಿತು, ಜನ ನಗಬೇಕಾದಲ್ಲೆಲ್ಲ ನಕ್ಕರು. ನನಗೆ ರೆಕ್ಕೆ ಮೂಡಿದಂತಾಯಿತು.

"ಒಂದು ವರ್ಷ ಹಿಮ ಬಿತ್ತು." ಕನ್ನಡಕ ತೆಗೆದು ಕಿಟಕಿಯತ್ತ ತಿರುಗಿದೆ. ಹೊರಗೆ ಬಿಸಿಲು, ಖಾಲಿ ಅಂಗಳ. ಒಂದು, ಎರಡು ಎಂದು ಎಣಿಸಿದೆ. ಐದಕ್ಕೆ ಬಾಯಿ ತೆರೆಯುವಾಗ ಓರೆಗಣ್ಣಿನಲ್ಲಿ ತಾತನ ಬೆರಳು ಕಂಡಿತು: ಇನ್ನೂ ಇಲ್ಲ. ಕಾದೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅವರು ತಲೆಯಾಡಿಸಿದರು.

"ಚಾವಣಿ ತನ್ನ ಕೆಲಸ ಮಾಡಿತು."

ಮೊದಲ ಚಪ್ಪಾಳೆ ತಾತನದು. ಆಮೇಲೆ ಇಡೀ ಹಾಲ್. ನಾನು ಕುಣಿಯುವುದೊಂದು ಬಾಕಿ. ಆಂಟಿ ಕಣ್ಣೊರೆಸಿಕೊಳ್ಳುತ್ತ, "ಏನಿಲ್ಲಪಾ, ಆ ಸುಡುಗಾಡ ಸೀಡರ್" ಎಂದರು.

ಈಗಲೂ ಕ್ಯಾರಲ್ಟನ್‌ನಲ್ಲಿ ಕಾರ್ಲ್ ತಾತನ್ನ ಮಾಡು ಎನ್ನುತ್ತಾರೆ. ಮಾಡುತ್ತೇನೆ. ಗೊರಕೆ ಬಿಟ್ಟಿದ್ದೇನೆ. "ಮೊದಲಿನಷ್ಟು ನಗು ಬರಲ್ಲ ಕಣೋ" ಎಂದು ಇಮ್ರಾನ್ ಗೊಣಗುತ್ತಾನೆ. ಯಾರದೋ ಮನೆಯ ಕಿಟಕಿಯತ್ತ ತಿರುಗುತ್ತೇನೆ. ಆಚೆ ಪಾರ್ಕಿಂಗ್ ಲಾಟ್ ಬಿಟ್ಟರೆ ಏನೂ ಇರುವುದಿಲ್ಲ. ಆದರೂ ಎಣಿಸುವುದಿಲ್ಲ. ಚಪ್ಪಾಳೆ ಮುಗಿಯಲಿ ಎಂದು ಕಾಯುತ್ತೇನೆ.