ಬೀರುವಿನ ಹಿಂದಿನ ಅಪ್ಪಣೆ

ಆ ಅಪ್ಪಣೆ ಕೊಟ್ಟವನು ನಾನೇ. ಶಿರಸ್ತೇದಾರರು ಊಟಕ್ಕೆ ಹೋಗಿದ್ದಾಗ ಅವರ ಕುರ್ಚಿಯಲ್ಲಿ ಕೂತು, ಅವರ ಹಾಗೆಯೇ ಮೂಗಿನಲ್ಲಿ ಮಾತಾಡಿ, ಒಬ್ಬ ಮರ್ಯಾದಸ್ಥ ಸರ್ವೆಯರಿಗೆ ಮಾಡಬಾರದ್ದನ್ನು ಮಾಡು ಎಂದೆ. ಅಂದು ನಕ್ಕೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ. ಅವತ್ತೇ ಯಾಕೆ ಆಗಲಿಲ್ಲವೋ ಕಾಣೆ.

ಎಪ್ಪತ್ತರ ದಶಕದ ಕೊನೆ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ಹೊಸ ಗುಮಾಸ್ತ. ಕೆಲಸ ಅಷ್ಟಕ್ಕಷ್ಟೆ, ಆದರೆ ಕಚೇರಿಯಲ್ಲಿ ಯಾರ ದನಿ ಬೇಕೋ ಅವರ ದನಿ ನನ್ನ ಗಂಟಲಲ್ಲಿತ್ತು. ತಹಸೀಲ್ದಾರರ ಕೆಮ್ಮು, ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಜವಾನನ ಕೂಗು, ಎಲ್ಲ ಬರುತ್ತಿತ್ತು. ಫೈಲು ಕಳೆದುಕೊಂಡು ಮೇಜಿನ ಕೆಳಗೆ ತಡಕಾಡುವ ಪೆದ್ದನನ್ನೂ ಮಾಡಿ ತೋರಿಸುತ್ತಿದ್ದೆ. ಆ ಪೆದ್ದ ನಾನೇ ಆಗಿದ್ದರಿಂದ ಅದಕ್ಕೆ ಅಭ್ಯಾಸವೇ ಬೇಕಿರಲಿಲ್ಲ.

ಸರ್ಕಾರಿ ನೌಕರನಿಗೆ ಇದು ಸರಿಯೋ ತಪ್ಪೋ ಎಂಬ ಅನುಮಾನ ಬಂದರೆ ಬರೆದು ಕೇಳಬೇಕು. ಬರೆದದ್ದು ಕೋಲಾರಕ್ಕೆ ಹೋಗಿ, ಕೇಳಿದವನೇ ಮರೆತ ಮೇಲೆ, ‘ನಿಯಮಾನುಸಾರ ಕ್ರಮ ವಹಿಸುವುದು’ ಎಂಬ ಷರಾ ಹೊತ್ತು ವಾಪಸು ಬರುತ್ತಿತ್ತು. ಹಾಗಾಗಿ ನಮ್ಮಲ್ಲಿ ಬೇರೆ ಪದ್ಧತಿ. ಶಿರಸ್ತೇದಾರರ ಮೇಜಿಗೆ ಅಡ್ಡಲಾಗಿ ಬೀರುಗಳನ್ನು ಗೋಡೆಯಂತೆ ನಿಲ್ಲಿಸಿದ್ದರು. ಕೇಳುವವರು ಅದರ ಈಚೆ, ಮುಖ ಕಾಣದಂತೆ ನಿಂತು, “ನಮ್ ಸ್ನೇಹಿತರೊಬ್ಬರು ಕೇಳ್ತಿದ್ರು ಸಾರ್” ಎಂದು ಶುರುಮಾಡುವರು. ಆ ಸ್ನೇಹಿತ ಯಾರೆಂದು ಇಡೀ ಕಚೇರಿಗೆ ಗೊತ್ತು. ಹೆಂಡತಿ ಹೆಸರಲ್ಲಿ ರೇಷ್ಮೆ ಹುಳು ಸಾಕಬಹುದೇ, ಶಿವಾರಪಟ್ಟಣದ ಕಡೆಯವರು ತಂದುಕೊಟ್ಟ ಕಲ್ಲಿನ ಬಸವನನ್ನು ಮನೆಯಲ್ಲಿಡಬಹುದೇ, ಇಂಥವೇ ಪ್ರಶ್ನೆಗಳು. ಆಚೆಯಿಂದ ನಶ್ಯ ಏರಿಸುವ ಸದ್ದು, ಆಮೇಲೆ ಹೆಚ್ಚಾಗಿ “ಬೇಡ.” ಕೇಳಿದವರು ತಲೆಯಾಡಿಸಿ ಹೋಗುವರು. ಬಸವ ವಾಪಸು ಹೋಗುತ್ತಿತ್ತು.

ಸರ್ವೆಯರು ವಯಸ್ಸಾದವರು. ಅಳತೆಗೆ ಹೋದ ಕಡೆ ಯಾರ ಮನೆಯ ನೀರನ್ನೂ ಕುಡಿಯದೆ ಸೈಕಲ್ಲಿಗೆ ತಮ್ಮದೇ ತಂಬಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಮಗಳ ಮದುವೆ ಕುರುಡುಮಲೆಯಲ್ಲಿ ಗೊತ್ತಾಗಿತ್ತು. ಅದೇ ಸಮಯಕ್ಕೆ ಬೈರಕೂರಿನ ಒಬ್ಬ ಮಾವಿನ ತೋಟದವನ ಬದುವಿನ ತಕರಾರು ಇವರ ಅಳತೆಗೆ ಬಂದಿತ್ತು. ಆ ತೋಟದವನು ದಿಬ್ಬಣಕ್ಕೆ ನನ್ನ ಟ್ರಾಕ್ಟರ್ ತಗೊಂಡ್ಹೋಗಿ ಸ್ವಾಮಿ ಎಂದಿದ್ದ. ಬೀರುವಿನ ಈಚೆ ನಿಂತು ತಮ್ಮ ‘ಸ್ನೇಹಿತ’ನ ಈ ಸಂಕಟವನ್ನು ಅವರು ಹೇಳಿಕೊಂಡಾಗ ಆಚೆ ಕೂತಿದ್ದವನು ನಾನು. ಜೊತೆಯ ಗುಮಾಸ್ತರಿಬ್ಬರು ಆಗಲೇ ಬಾಯಿಗೆ ಕರ್ಚೀಫು ತುರುಕಿಕೊಂಡಿದ್ದರು.

“ಏಮಯ್ಯಾ,” ಎಂದೆ ಮೂಗಿನಲ್ಲಿ. “ಮದುವೆ ಅಂದ್ರೆ ಊರೋರೆಲ್ಲ ಕೈ ಹಾಕೋ ಕೆಲ್ಸ. ಗಾಡಿ ಕೊಡ್ತೀನಿ ಅಂದ್ರೆ ಬೇಡ ಅಂತಾರಾ? ಹತ್ತಿಸ್ಕೊಂಡ್ ಹೋಗು ಅಂತ ಹೇಳು ನಿನ್ನ ಸ್ನೇಹಿತನಿಗೆ.”

ಅವರು “ಒಳ್ಳೇದು ಸಾರ್” ಎಂದರು. ಆ ದನಿಯಲ್ಲಿದ್ದ ನಿರಾಳ ನನಗೂ ಕೇಳಿಸಿತು. ಹಿಂದೆಯೇ ಓಡಿಹೋಗಿ ತಮಾಷೆ ಸಾರ್ ಎನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಟೀ ಬಂತು. ಟೀ ಕುಡಿದು ಹೊರಗೆ ಬಂದರೆ ಸೈಕಲ್ ಇರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅವರು ಲಗ್ನಪತ್ರಿಕೆ ಹಿಡಿದು ಬಂದು, ನನ್ನ ಭುಜ ತಟ್ಟಿ, ತಪ್ಪದೆ ಬರಬೇಕು ಕಣಪ್ಪ ಎಂದುಬಿಟ್ಟರು.

ಹೋದೆ. ಹೋದದ್ದೂ ಅದೇ ಟ್ರಾಕ್ಟರಿನ ಟ್ರೇಲರಿನಲ್ಲಿ, ಹೆಣ್ಣಿನ ಕಡೆಯವರ ಜೊತೆ ಕುಲುಕುತ್ತಾ. ದಾರಿಯುದ್ದಕ್ಕೂ ಮಕ್ಕಳಿಗೆ ಶಿರಸ್ತೇದಾರರ ನಶ್ಯದ ಸೀನು ಮಾಡಿ ತೋರಿಸಿದೆ. ಎರಡು ಸಲ ಪಾಯಸ ಹಾಕಿಸಿಕೊಂಡೆ.

ತಕರಾರಿನ ಇನ್ನೊಂದು ಕಡೆಯವನು, ಬದುವಿನ ಆಚೆಯ ಜಮೀನಿನವನು, ರಸ್ತೆಯಲ್ಲಿ ನಿಂತು ಟ್ರಾಕ್ಟರನ್ನು ನೋಡಿದ್ದ. ಸೀದಾ ತಹಸೀಲ್ದಾರರ ಹತ್ತಿರ ಬಂದು ದೂರು ಕೊಟ್ಟ. ಸರ್ವೆಯರನ್ನು ಕರೆಸಿ ಕೇಳಿದರೆ, ಶಿರಸ್ತೇದಾರರನ್ನು ಕೇಳಿಯೇ ಹತ್ತಿದ್ದು ಎಂದರು. ಶಿರಸ್ತೇದಾರರು, ನಾನು ಅಂಥ ಮಾತು ಆಡಿಯೇ ಇಲ್ಲ ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ದಿನಾ ಒಂದೇ ಕಾಫಿಯನ್ನು ಬೈಟೂ ಮಾಡಿ ಕುಡಿಯುತ್ತಿದ್ದವರು ಮುಖ ನೋಡುವುದನ್ನೇ ಬಿಟ್ಟರು. ಸಸ್ಪೆಂಡ್ ಆಗ್ತಾರಂತೆ ಎಂಬ ಮಾತು ಹಬ್ಬಿತು. ನೀರು ಕುಡಿಯೋಕೆ ಮಡಿ, ಟ್ರಾಕ್ಟರ್ ಹತ್ತೋಕೆ ಮಡಿ ಇಲ್ವಾ ಎಂದು ಜವಾನರು ನಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ನನ್ನ ಜೊತೆ ನಕ್ಕವರೂ ಬಿಡಲಿಲ್ಲ.

ಒಂದು ಮಧ್ಯಾಹ್ನ ಸರ್ವೆಯರು ಬೀರು ದಾಟಿ ಆಚೆಗೇ ಹೋಗಿ, ನನ್ನ ಮುಖ ನೋಡಿ ಹೇಳಿ ಎಂದು ಶಿರಸ್ತೇದಾರರನ್ನು ಕೇಳಿದರು. ಶಿರಸ್ತೇದಾರರು ಮಕ್ಕಳ ಮೇಲೆ ಆಣೆ ಹಾಕಿದರು. ಆ ವಯಸ್ಸಿನವರ ಬಾಯಲ್ಲಿ ಆಣೆ ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ತಹಸೀಲ್ದಾರರ ಕೋಣೆಗೆ ಹೋಗಿ, ಆ ಅಪ್ಪಣೆ ಕೊಟ್ಟವನು ನಾನು ಸಾರ್ ಎಂದೆ.

ಅವರು ನಂಬಲಿಲ್ಲ. ಯಾರನ್ನೋ ಉಳಿಸಲು ಬಂದಿದ್ದಾನೆ ಅಂದುಕೊಂಡರು. ಸರ್ವೆಯರನ್ನೂ ಶಿರಸ್ತೇದಾರರನ್ನೂ ಕರೆಸಿ ಅವರ ಎದುರಿಗೇ, “ಎಲ್ಲಿ, ಅದೇ ದನೀಲಿ ಹೇಳು ನೋಡೋಣ” ಎಂದರು. ಮೊದಲು ಬಂದದ್ದು ತಹಸೀಲ್ದಾರರದೇ ಕೆಮ್ಮು. ಎರಡನೇ ಸಲ ಸರಿಯಾಗಿ ಬಂತು. ಏಮಯ್ಯಾದಿಂದ ಹಿಡಿದು ಸ್ನೇಹಿತನವರೆಗೆ ಅಷ್ಟನ್ನೂ ಹೇಳಿದೆ. ಯಾರೂ ನಗಲಿಲ್ಲ. ಶಿರಸ್ತೇದಾರರು ಜೇಬಿನಿಂದ ನಶ್ಯದ ಡಬ್ಬಿ ತೆಗೆದವರು ಹಾಗೆಯೇ ಒಳಗಿಟ್ಟರು.

ಹಾಗಾದ್ರೆ ಮೋಸ ಮಾಡಿದ್ದು ಇವನು, ನಿಮ್ಮ ಮೇಲಿನ ದೂರು ಕೈಬಿಡೋಣ ಎಂದರು ತಹಸೀಲ್ದಾರರು, ಸರ್ವೆಯರಿಗೆ. ನಾನು ಉತ್ಸಾಹದಿಂದ ಮುಂದೆ ಬಂದೆ. ಸರ್ವೆಯರದು ಏನೇನೂ ತಪ್ಪಿಲ್ಲ, ಪಾಪ ಅವರಿಗೆ ಏನೂ ಗೊತ್ತಿರಲಿಲ್ಲ, ಟ್ರಾಕ್ಟರಿನ ಮೇಲೆ ಅವರಿಗೆ ಆಸೆಯೇ ಇರಲಿಲ್ಲ ಎಂದೆಲ್ಲ ಅವರ ಪರವಾಗಿ ಒದರತೊಡಗಿದೆ. ನನ್ನನ್ನು ಮಾಲೂರಿಗೆ ಎತ್ತಿಹಾಕಿದ್ದು, ಆ ಅಳತೆ ಶ್ರೀನಿವಾಸಪುರದ ಸರ್ವೆಯರಿಗೆ ಹೋದದ್ದು ಎಲ್ಲ ಆಮೇಲೆ. ಅವತ್ತು ಮಾತು ಮುಗಿಸಿದ್ದು ನಮ್ಮ ಸರ್ವೆಯರೇ, ನನ್ನ ಕಡೆ ತಿರುಗಿ:

“ನನ್ ತಪ್ಪು ನಾನು ಹೇಳ್ಕೋತೀನಿ ಬಿಡಪ್ಪ. ಅದನ್ನೂ ನನ್ ದನೀಲಿ ನೀನೇ ಹೇಳ್ಬೇಡ.”